ಎರಡು ಸಾವಿಗೆ ಒಂದೇ ಮುಖ

ಬವೇರಿಯಾದ ಬೆಟ್ಟದ ಹಳ್ಳಿ ಓಬರ್‌ಷ್ವೆಂಡಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಪಾದ್ರಿಗೆ, ಆಮೇಲೆ ಪೆಟ್ಟಿಗೆ ಮಾಡುವ ಬಡಗಿಗೆ, ಅದಾದ ಮೇಲೆ ಆಫ್ರಾಳಿಗೆ ಹೇಳಿ ಕಳಿಸುವುದು ವಾಡಿಕೆ. ಊರ ಹೆಂಗಸರ ಕೂದಲಿಗೆ ಸುರುಳಿ ಹಾಕುವವಳು ಅವಳೇ, ಗಂಡಸರ ಕ್ಷೌರ ಮಾಡುವವಳು ಅವಳೇ, ಸತ್ತವರಿಗೆ ಕೊನೆಯ ಸಲ ತಲೆ ಬಾಚುವವಳೂ ಅವಳೇ. ಬದುಕಿದ್ದಾಗ ಕನ್ನಡಿ ಮುಂದೆ ಕೂತು ‘ಇಲ್ಲಿ ಇನ್ನೊಂಚೂರು, ಅಲ್ಲಿ ಇನ್ನೊಂಚೂರು’ ಎಂದು ಪ್ರಾಣ ತಿಂದವರೆಲ್ಲ ಸತ್ತ ಮೇಲೆ ಬಲು ಒಳ್ಳೆಯ ಗಿರಾಕಿಗಳಾಗುತ್ತಾರೆ ಎಂದು ಅವಳು ಹೇಳುತ್ತಿದ್ದಳು. ಸಾವಿನ ಮನೆಯಲ್ಲೂ ಹಾಗೆ ಹೇಳಿಬಿಡುವ ಬಾಯಿ ಅದು. ಆದರೂ ಜನ ಅವಳನ್ನೇ ಕರೆಯುತ್ತಿದ್ದರು, ಯಾಕೆಂದರೆ ಅವಳು ಬಾಚಿದ ಮೇಲೆ ಅಜ್ಜಿ ಅಜ್ಜಿಯ ಹಾಗೇ ಕಾಣುತ್ತಿದ್ದಳು.

ಬಾಚಿ ಮುಗಿಸಿ, ಬಾಚಣಿಗೆ ಒರೆಸಿ ಚೀಲಕ್ಕೆ ಸೇರಿಸಿದ ಮೇಲೆ ಮನೆಯವರನ್ನು ಕೇಳುವುದು ಒಂದೇ ಮಾತು.

“ಜಪದ ಪುಸ್ತಕ ಎಲ್ಲಿ? ಪೆಟ್ಟಿಗೆಗೆ ಇಡೋ ಮುಂಚೆ ನನ್ನ ಕೈಗೆ ಕೊಡಿ.”

ಮುದುಕಿಯರ ಜಪದ ಪುಸ್ತಕ ಅವರ ಜೊತೆಗೇ ಹೋಗಬೇಕು, ಮಡಿಸಿದ ಕೈಗಳ ಕೆಳಗೆ. ಪುಸ್ತಕದ ಹಾಳೆಗಳ ನಡುವೆ ಆಕೆ ಹುಟ್ಟಿದಾಗಿನಿಂದ ಹೋಗಿ ಬಂದ ಸಾವಿನ ಪೂಜೆಗಳೆಲ್ಲ ಇರುತ್ತವೆ. ಅಂದರೆ, ಪೂಜೆ ಮುಗಿದು ಹೊರಗೆ ಬರುವಾಗ ಇಗರ್ಜಿಯ ಬಾಗಿಲಲ್ಲಿ ಹಂಚುವ ಸಾವಿನ ಕಾರ್ಡುಗಳು. ಅಂಗೈಯಗಲದ ಕಾಗದ, ಒಂದು ಕಡೆ ಶಿಲುಬೆಯೋ ಮಾತೆಯೋ, ಇನ್ನೊಂದು ಕಡೆ ಸತ್ತವರ ಫೋಟೋ, ಹೆಸರು, ಮನೆ, ವಯಸ್ಸು, ಕೆಳಗೊಂದು ಪ್ರಾರ್ಥನೆ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಈ ಕಾರ್ಡುಗಳು ಸುಗ್ಗಿಯ ಹಾಗೆ ಬಂದವು. ಹೆಣ ಬರುತ್ತಿರಲಿಲ್ಲ, ಕಾರ್ಡು ಮಾತ್ರ ಅಚ್ಚಾಗುತ್ತಿತ್ತು. ಬೆಟ್ಟದ ಪಡೆಗೆ ಸೇರಿದ ಈ ಕಣಿವೆಯ ಹುಡುಗರು ಟೋಪಿಯ ಪಕ್ಕದಲ್ಲಿ ಎಡೆಲ್‌ವೈಸ್ ಹೂವಿನ ಬಿಲ್ಲೆ ಸಿಕ್ಕಿಸಿಕೊಂಡು ಆ ಕಾರ್ಡುಗಳಲ್ಲಿ ನಗುತ್ತಿದ್ದಾರೆ. ಆಫ್ರಾ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು, ಹಣ್ಣು ಮಾಗಿದ ಮರ ಅಲ್ಲಾಡಿಸಿದಂತೆ ಅಲ್ಲಾಡಿಸುವಳು. ಉದುರಿದ ಹುಡುಗರನ್ನು ಏಪ್ರನ್ನಿನಲ್ಲಿ ಹಿಡಿದು ಮನೆಗೆ ತರುವಳು.

ಇದೇನೂ ಹುಚ್ಚಲ್ಲ. ಅವಳು ಪಕ್ಕದ ಜಿಲ್ಲೆಯಿಂದ ಸೊಸೆಯಾಗಿ ಬಂದವಳು. ತವರಿನಲ್ಲಿ ತಾಯಿ ಸತ್ತಾಗ ಎಲ್ಲರಂತೆ ಜಪದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದರು. ಲ್ಯಾಪ್‌ಲ್ಯಾಂಡಿನಲ್ಲಿ ಸತ್ತ ಅಣ್ಣ ಎಗಿಡನ ಕಾರ್ಡು ಅದರೊಳಗಿತ್ತು ಎಂದು ಒಂದು ವಾರದ ಮೇಲೆ ನೆನಪಾಯಿತು. ಬೇರೆ ಯಾರ ಬಳಿಯಾದರೂ ಇದ್ದೀತು ಎಂದು ಊರೆಲ್ಲ ಅಲೆದಳು. ಇರಲಿಲ್ಲ. ಅಣ್ಣನ ಮುಖವನ್ನು ತಾನೇ ಎರಡನೇ ಸಲ ಮಣ್ಣು ಮಾಡಿದೆ ಎಂದು ಅವಳಿಗೆ ಅನಿಸಿತು. ಅಂದಿನಿಂದ ಶುರುವಾದದ್ದು ಇದು.

ಕಾರ್ಡು ಸಂಗ್ರಹಿಸುವವರು ಬೇರೆಯವರೂ ಇದ್ದರು. ಅವರೆಲ್ಲ ಊರಿನ ಪ್ರಕಾರ, ಹೆಸರಿನ ಪ್ರಕಾರ ಜೋಡಿಸುತ್ತಿದ್ದರು. ಆಫ್ರಾ ಮಾತ್ರ ಸತ್ತ ತಾರೀಕು ಮತ್ತು ಸತ್ತ ಜಾಗದ ಪ್ರಕಾರ ಚೀಸಿನ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿದ್ದಳು. “ಹೆಸರಿನಿಂದ ಜೋಡಿಸಿದ್ರೆ ನೆಂಟರು ಸಿಗ್ತಾರೆ. ತಾರೀಕಿನಿಂದ ಜೋಡಿಸಿದ್ರೆ ಜೊತೆಗಾರರು ಸಿಗ್ತಾರೆ. ಸಾಯೋ ಹೊತ್ತಿಗೆ ಪಕ್ಕದಲ್ಲಿದ್ದವನು ನೆಂಟನಲ್ಲ, ಜೊತೆಗಾರ,” ಎನ್ನುತ್ತಿದ್ದಳು. ಅದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಾವುದರಲ್ಲಿ ತಾನೇ ಇತ್ತು!

ತೊಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಊರಿನ ಮಾಜಿ ಸೈನಿಕರ ಸಂಘ ಒಂದು ತೀರ್ಮಾನ ಮಾಡಿತು. ಗುಡ್ಡದ ಮೇಲಿನ ಚಾಪೆಲ್‌ನಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಮಾತ್ರ ಇದೆ. ಒಂದೊಂದು ಹೆಸರಿನ ಮೇಲೂ ಪಿಂಗಾಣಿ ಬಿಲ್ಲೆಯಲ್ಲಿ ಫೋಟೋ ಕೂರಿಸಬೇಕು. ನವೆಂಬರ್ ತಿಂಗಳ ಸ್ಮರಣೆಯ ಭಾನುವಾರಕ್ಕೆ ಎಲ್ಲ ಮುಗಿಯಬೇಕು. ಸಂಘದ ಅಧ್ಯಕ್ಷ ಫಿಡೆಲ್, ತೀರಿಕೊಂಡ ಆಫ್ರಾಳ ಗಂಡನ ಅಣ್ಣ. ತಾನೂ ಆ ಪಡೆಯಲ್ಲಿದ್ದು, ಸೆರೆಯಲ್ಲಿದ್ದು ಬದುಕಿ ಬಂದವನು. ಮುಖಗಳೆಲ್ಲ ಯಾರ ಮನೆಯಲ್ಲಿವೆ ಎಂದು ಅವನಿಗೆ ಗೊತ್ತಿತ್ತು.

“ಫೋಟೋ ಎಲ್ಲಾ ನಿನ್ನ ಹತ್ರಾನೇ ಇವೆಯಲ್ಲ, ನೀನೇ ಆರಿಸಿ ಕೊಡು,” ಎಂದ.

“ಕೊಡ್ತೀನಿ ಭಾವ. ಆದ್ರೆ ಮೇಲ್ಗಡೆ ‘ನಮ್ಮ ವೀರರು’ ಅಂತ ಕೆತ್ತಿಸ್ತೀರಂತಲ್ಲ, ಅದು ಬೇಡ.”

“ಯಾಕೆ? ಕಾರ್ಡಿನಲ್ಲೇ ವೀರಮರಣ ಅಂತ ಅಚ್ಚಾಗಿದೆ.”

“ಅಚ್ಚಿನ ಮೊಳೆ ಅವರ ಹತ್ರ ರೆಡಿ ಇತ್ತು, ಹೊಡೆದ್ರು. ಎಷ್ಟೋ ಜನರ ಮನೆ ಬಾಗಿಲಿಗೆ ಬಂದೂಕು ಹಿಡ್ಕೊಂಡು ಹೋದವರು ನಮ್ಮ ಹುಡುಗರು. ಆ ಮನೆಯವರ ಸತ್ತವರಿಗೆ ಯಾರು ಕಾರ್ಡು ಅಚ್ಚು ಹಾಕಿಸಿದ್ರು? ಗ್ರೀಸ್‌ನಲ್ಲಿ ಏನೇನು ಮಾಡಿದ್ರು ಅಂತ ನೀನೇ ಒಂದಿನ ಕುಡಿದಾಗ ಹೇಳಿದ್ಯಲ್ಲ. ಹೆಸರು ಹಾಕು, ಮುಖ ಹಾಕು, ಸಾಕು. ನೋಡಿದವರು ಅವರವರೇ ಲೆಕ್ಕ ಹಾಕ್ಕೊಳ್ಳಲಿ.”

ಫಿಡೆಲ್ ಬಿಯರ್ ಲೋಟದ ತಳ ನೋಡಿದ. ‘ವೀರರು’ ಎಂಬ ಮಾತು ಆಮೇಲೆ ಸಂಘದ ಸಭೆಯಲ್ಲಿ ಮತ್ತೆ ಬರಲಿಲ್ಲ.

ಆಗಲೇ ವೆಂಡೆಲಿನ್, ಆಫ್ರಾಳ ಪೆಟ್ಟಿಗೆಗಳಲ್ಲಿ ಇಲ್ಲದ ತನ್ನ ಅಪ್ಪನ ಕಾರ್ಡು ತಂದುಕೊಟ್ಟದ್ದು. ವೆಂಡೆಲಿನ್ ಹಸು ಸಾಕುವವನು, ಐವತ್ತು ದಾಟಿದವನು, ಗಟ್ಟಿ ಆಳು. ಅವನ ಅಪ್ಪ ಮಾಗ್ನುಸ್, ಊರ ಬಾಯಲ್ಲಿ ಮಾಂಗ್, ನಲವತ್ತೆರಡರ ಅಕ್ಟೋಬರಿನಲ್ಲಿ ಕಾಕಸಸ್‌ನ ಕಾಡಿನಲ್ಲಿ ಸತ್ತ. ವೆಂಡೆಲಿನ್ ಹುಟ್ಟಿದ್ದು ಅದರ ಮುಂದಿನ ತಿಂಗಳು. ಅಪ್ಪ ಅಮ್ಮನ ಮದುವೆಯ ಫೋಟೋ ಕೂಡ ಇರಲಿಲ್ಲ. ರಜೆಗೆ ಬಂದು ಹೋದ ಮೇಲೆ ರೋಸೀನಾ ಬಸುರಿ ಎಂದು ಗೊತ್ತಾಗಿ, ಅವನು ಅಲ್ಲೇ ರಷ್ಯಾದಲ್ಲಿ ರುಜು ಹಾಕಿದ, ಅವಳು ಇಲ್ಲಿ ಕಚೇರಿಯಲ್ಲಿ ಮೇಜಿನ ಮೇಲಿಟ್ಟ ಉಕ್ಕಿನ ಹೆಲ್ಮೆಟ್ ಪಕ್ಕದಲ್ಲಿ ನಿಂತು ಮದುವೆಯಾದಳು. ಆಗೆಲ್ಲ ಹಾಗೆ ನಡೆಯುತ್ತಿತ್ತು. ಉಳಿದ ಅಷ್ಟಿಷ್ಟು ಫೋಟೋಗಳು ಐವತ್ತಮೂರರಲ್ಲಿ ಹಸಿ ಹುಲ್ಲು ಅಟ್ಟದಲ್ಲಿ ಕಾವು ಏರಿ ಹೊತ್ತಿಕೊಂಡು ಮನೆ ಉರಿದಾಗ ಬೂದಿಯಾದವು. ರೋಸೀನಾ ಆ ಹೊತ್ತು ಪೂಜೆಯಲ್ಲಿದ್ದಳು. ಅವಳ ಜಪದ ಪುಸ್ತಕದಲ್ಲಿದ್ದ ಕಾರ್ಡೊಂದೇ ಉಳಿಯಿತು. ಮಗ ದೊಡ್ಡವನಾದ ಮೇಲೆ ಅದು ಅವನ ಪರ್ಸಿಗೆ ಬಂತು.

“ಹೊಲದಲ್ಲಿ ಕೂತಾಗ ತೆಗೆದು ನೋಡ್ತೀನಿ, ಆಫ್ರಾ,” ಎಂದ. ಆ ಕಣಿವೆಯಲ್ಲಿ ಪಾದ್ರಿಯೊಬ್ಬರನ್ನು ಬಿಟ್ಟರೆ ಎಲ್ಲರೂ ಎಲ್ಲರಿಗೂ ನೀನು. “ಕರು ಸತ್ತರೆ ಹೇಳ್ತೀನಿ, ಹಾಲಿನ ರೇಟು ಬಿದ್ರೆ ಬೈತೀನಿ. ಜೋಪಾನ. ಒಂದು ವಾರದಲ್ಲಿ ವಾಪಸ್ ಬೇಕು.”

“ನಿನ್ನಪ್ಪನ್ನ ನಾನೇನು ತಿಂದುಬಿಡ್ತೀನಾ? ಕೊಡು.”

ಅದೇ ವಾರ ಮೇಲ್ಕೇರಿಯ ಟೆಕ್ಲಾ ಅಜ್ಜಿ ಹೋದಳು. ಅವಳ ಪುಸ್ತಕ ಅಲ್ಲಾಡಿಸಿದಾಗ ಉದುರಿದವರಲ್ಲಿ ಗಾಲುಸ್ ಇದ್ದ. ಮಾಂಗ್‌ನ ತಮ್ಮ, ಮದುವೆಯಾಗದೆ, ನಲವತ್ತನಾಲ್ಕರಲ್ಲಿ ಸತ್ತವನು. ಆ ವರ್ಷ ಕಾಗದದ ಬರ, ಕೆಲವೇ ಕಾರ್ಡು ಅಚ್ಚಾಗಿದ್ದವು. ಆಫ್ರಾ ಎಷ್ಟೋ ವರ್ಷ ಹುಡುಕಿದ್ದ ಕಾರ್ಡು ಅದು. ಖುಷಿಯಿಂದ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಅಣ್ಣನ ಪಕ್ಕ ತಮ್ಮನನ್ನಿಟ್ಟಳು.

ಎರಡರಲ್ಲೂ ಒಂದೇ ಮುಖ. ಒಂದೇ ಫೋಟೋ. ಅದೇ ಟೋಪಿ, ಅದೇ ಹೂವಿನ ಬಿಲ್ಲೆ, ಅದೇ ಅರ್ಧ ನಗು, ಕಾಲರಿನ ಮೇಲೆ ಅದೇ ಸುಕ್ಕು. ಅಣ್ಣನ ಕಾರ್ಡಿನಲ್ಲಿ ದುಂಡಗೆ ಕತ್ತರಿಸಿದ್ದರು, ತಮ್ಮನದರಲ್ಲಿ ಚೌಕ, ಅಷ್ಟೇ ವ್ಯತ್ಯಾಸ.

ಅಚ್ಚಿನವನ ಎಡವಟ್ಟು ಎಂದುಕೊಂಡು ಅವಳು ಎರಡನ್ನೂ ಫಿಡೆಲ್‌ನ ಮುಂದೆ ಹಿಡಿದಳು. ಮುದುಕ ನೋಡಿದವನೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಇದು ಊರಿಗೆಲ್ಲ ಗೊತ್ತಿದ್ದದ್ದೇ.”

“ನನಗೆ ಗೊತ್ತಿರಲಿಲ್ಲ!”

“ನೀನು ಹೊರಗಿಂದ ಬಂದವಳು.”

“ಬಂದು ನಲವತ್ತು ವರ್ಷ ದಾಟ್ತು ಭಾವ! ಇನ್ನೂ ಎಷ್ಟು ವರ್ಷ ಬೇಕು ಒಳಗೆ ಬರೋಕೆ? ಬೊಗಳು ಏನದು.”

ಫಿಡೆಲ್ ಬಾಯಿ ಬಿಟ್ಟ. ಮಾಂಗ್ ಸತ್ತ ಸುದ್ದಿ ಬಂದಾಗ ಮನೆಯಲ್ಲಿ ಅವನು ಸಮವಸ್ತ್ರದಲ್ಲಿದ್ದ ಫೋಟೋ ಇರಲಿಲ್ಲ. ಇದ್ದದ್ದು ತಮ್ಮ ಗಾಲುಸನದು ಮಾತ್ರ. ಆಗ ಬೆಟ್ಟದ ಪಡೆಯವನ ಕಾರ್ಡಿನಲ್ಲಿ ಟೋಪಿ, ಎಡೆಲ್‌ವೈಸ್ ಇಲ್ಲದಿದ್ದರೆ ಊರವರು ಏನಂದಾರು? ಫೋಟೋ ಇಲ್ಲದ ಕಾರ್ಡು ಅಂದರೆ ಬಡವರ ಸಾವು. ಇಬ್ಬರ ಮುಖಕಟ್ಟೂ ಒಂದೇ ತರಹ ಎಂದು ಅವರ ತಾಯಿ ಬದುಕಿದ್ದ ಮಗನ ಫೋಟೋವನ್ನು ಸತ್ತ ಮಗನ ಕಾರ್ಡಿಗೆ ಕೊಟ್ಟುಬಿಟ್ಟಳು. ಪೂಜೆಗೆ ಬಂದವರೆಲ್ಲ ಕಾರ್ಡು ನೋಡಿದರು, ಗುರುತಿಸಿದರು, ಸುಮ್ಮನೆ ಜಪದ ಪುಸ್ತಕದೊಳಗೆ ಇಟ್ಟುಕೊಂಡರು.

“ಕ್ರಿಸ್‌ಮಸ್ಸಿಗೆ ಗಾಲುಸ್ ರಜೆ ಮೇಲೆ ಬಂದ,” ಎಂದ ಫಿಡೆಲ್. “ಅಣ್ಣನ ಕಾರ್ಡು ನೋಡಿದ, ಅದರಲ್ಲಿ ತಾನೇ ಇದ್ದಾನೆ. ನಕ್ಕುಬಿಟ್ಟನಂತೆ. ‘ಪರವಾಗಿಲ್ಲ ಬಿಡಮ್ಮ, ಮುಂದಿನ ಸಲ ಫೋಟೋ ಹುಡುಕೋ ಕೆಲಸ ತಪ್ಪಿತು’ ಅಂದನಂತೆ. ಒಂದೂವರೆ ವರ್ಷಕ್ಕೆ ಅವನೂ ಹೋದ. ಆಮೇಲೆ ಆ ತಾಯಿ... ಬದುಕಿರೋ ಮಗನ್ನ ಸಾವಿನ ಕಾರ್ಡಿಗೆ ಹಾಕಿ ನಾನೇ ಕೊಂದೆ ಅಂತ ಎದೆ ಎದೆ ಬಡ್ಕೊಂಡಳು. ಇಗರ್ಜಿ ಬಾಗಿಲಲ್ಲಿ ನಿಂತು, ‘ಈ ಮಾತು ಯಾರೂ ಎತ್ತಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ’ ಅಂದಳು. ಯಾರೂ ಎತ್ತಲಿಲ್ಲ. ಅವಳೂ ಹೋದಳು, ನೋಡಿದವರೆಲ್ಲ ಒಬ್ಬೊಬ್ಬರೇ ಹೋದ್ರು. ಈಗ ನಾನು, ರೋಸೀನಾ, ಇನ್ನಿಬ್ಬರು ಮುದುಕರು.”

“ವೆಂಡೆಲಿನ್‌ಗೆ?”

“ಅವನಿಗೆ ಹೇಳೋಕೆ ಯಾರಿಗೆ ಬಾಯಿದೆ?”

ಕರು ಸತ್ತರೆ ವೆಂಡೆಲಿನ್ ಹೇಳಿಕೊಳ್ಳುತ್ತಿದ್ದದ್ದು ಚಿಕ್ಕಪ್ಪನಿಗೆ. ಅಪ್ಪನ ಮುಖ ಅವನು ಒಮ್ಮೆಯೂ ಕಂಡಿಲ್ಲ, ಕಂಡಿಲ್ಲ ಎಂಬುದೂ ಅವನಿಗೆ ಗೊತ್ತಿಲ್ಲ. ಇನ್ನು ಮುಚ್ಚಿಡಲೂ ಸಾಧ್ಯವಿಲ್ಲ. ಚಾಪೆಲ್‌ನ ಗೋಡೆಯ ಮೇಲೆ ಅಣ್ಣತಮ್ಮಂದಿರ ಹೆಸರು ಒಂದರ ಕೆಳಗೊಂದು ಇದೆ. ಎರಡು ಬಿಲ್ಲೆಗಳಲ್ಲಿ ಒಂದೇ ಮುಖ ಕೂತರೆ ಊರಿನ ಎದುರಿಗೇ, ಸ್ಮರಣೆಯ ದಿನವೇ ವೆಂಡೆಲಿನ್ ಅದನ್ನು ನೋಡುತ್ತಾನೆ.

“ಗಾಲುಸನ ಜಾಗ ಖಾಲಿ ಬಿಡೋಣ. ಒಂದು ಶಿಲುಬೆ ಹಾಕಿದ್ರಾಯ್ತು,” ಎಂದ ಫಿಡೆಲ್. “ಕೇಳೋರು ಯಾರಿದ್ದಾರೆ ಅವನಿಗೆ? ಹೆಂಡತಿಯಿಲ್ಲ, ಮಕ್ಕಳಿಲ್ಲ.”

“ಚೆನ್ನಾಗಿದೆ ನ್ಯಾಯ! ಅವನ ಮುಖ ಅಣ್ಣನಿಗೆ ಕೊಟ್ಟು, ಅವನಿಗೆ ಕಟ್ಟಿಗೆ ಶಿಲುಬೆನಾ?” ಆಫ್ರಾ ಎದ್ದು ನಿಂತಳು. “ಮಾಂಗ್‌ನ ಮುಖ ನಾನು ಹುಡುಕ್ತೀನಿ.”

“ಐವತ್ತು ವರ್ಷ ಆಯ್ತಲ್ಲೇ, ಎಲ್ಲಿಂದ ತರ್ತೀಯ?”

“ಅವನು ಒಬ್ಬನೇ ಸತ್ತನಾ?”

ಮನೆಗೆ ಹೋಗಿ ನಲವತ್ತೆರಡರ ಶರತ್ಕಾಲದ ಪೆಟ್ಟಿಗೆ ಇಳಿಸಿದಳು. ಮಾಂಗ್ ಸತ್ತ ದಿನ, ಸತ್ತ ಜಾಗ, ಅದೇ ಕಾಡಿನ ಹೆಸರು. ಅಲ್ಲಿ ಗಡಿಯಾಚೆಯ ಟಿರೋಲಿನವನೊಬ್ಬ ಇದ್ದ. ಸಂತೆಯಲ್ಲಿ ಬೇರೊಬ್ಬ ಸಂಗ್ರಾಹಕನ ಹತ್ತಿರ ಅದಲುಬದಲು ಮಾಡಿಕೊಂಡ ಕಾರ್ಡು. ಹೆಸರು ರೋಮೆಡ್. ಮಾಂಗ್‌ನ ಹಾಗೇ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಬೆಟ್ಟ ಹತ್ತಿಸುವ ದಳದವನು. ಆ ಕಾರ್ಡನ್ನು ಆಫ್ರಾ ಹತ್ತು ಸಲವಾದರೂ ನೋಡಿದ್ದಳು. ಈಗ ದೀಪದ ಹತ್ತಿರ ಹಿಡಿದಳು. ರೋಮೆಡನ ಹೆಗಲ ಮೇಲೆ ಯಾರದೋ ಕೈ ಇತ್ತು. ಇಬ್ಬರಿದ್ದ ಫೋಟೋವನ್ನು ಅಚ್ಚಿನವನು ಒಬ್ಬನಿಗೆಂದು ಕತ್ತರಿಸಿದ್ದ. ಹೆಗಲ ಮೇಲಿನ ಬೆರಳುಗಳನ್ನು ಅಳಿಸಲು ಸೋಮಾರಿತನ ಮಾಡಿದ್ದ.

“ದೇವರು ಸೋಮಾರಿಗಳನ್ನ ಚೆನ್ನಾಗಿಟ್ಟಿರಲಿ,” ಎಂದಳು ಆಫ್ರಾ, ಖಾಲಿ ಅಡುಗೆಮನೆಯಲ್ಲಿ ಜೋರಾಗಿ.

ಮರುದಿನ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ ಗಡಿಯಾಚೆ ಹೋದಳು. ಕಾರ್ಡಿನಲ್ಲಿದ್ದ ಮನೆ ಅಲ್ಲೇ ಇತ್ತು. ರೋಮೆಡನ ತಂಗಿ ನೋಟ್‌ಬುರ್ಗಾ ಅಂಗಳದಲ್ಲಿ ಸೌದೆ ಪೇರಿಸುತ್ತಿದ್ದಳು. ಎಂಬತ್ತರ ಹತ್ತಿರದ, ಕಟ್ಟುಮಸ್ತಾದ ಹೆಂಗಸು. ಗಡಿ ದಾಟಿ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

“ಏನು ಮಾರೋಕೆ ಬಂದೆ?”

“ಮಾರೋಕಲ್ಲ, ನಿನ್ನಣ್ಣನ ಹೆಗಲ ಮೇಲೆ ಯಾರ ಕೈ ಇದೆ ಅಂತ ಕೇಳೋಕೆ ಬಂದೆ.”

ನೋಟ್‌ಬುರ್ಗಾ ಸೌದೆ ಕೆಳಗಿಟ್ಟಳು. ಕಾಫಿ ಆಯಿತು, ಅಕ್ರೋಟಿನ ಕೇಕು ಆಯಿತು. ಬವೇರಿಯಾದವರಿಗೆ ಕಾಫಿ ಮಾಡಲು ಬರುವುದಿಲ್ಲ ಎಂಬ ಮಾತೂ ಆಯಿತು. ಟಿರೋಲಿನವರು ಕೇಕಿನಲ್ಲಿ ಬೆಣ್ಣೆ ಉಳಿಸುತ್ತಾರೆ ಎಂದು ಆಫ್ರಾ ಲೆಕ್ಕ ಚುಕ್ತಾ ಮಾಡಿದಳು. ಅದಾದ ಮೇಲೆಯೇ ನೋಟ್‌ಬುರ್ಗಾ ಕಪಾಟಿನಿಂದ ಇಡೀ ಫೋಟೋ ತಂದದ್ದು. ಒಂದು ಹೇಸರಗತ್ತೆ, ಅದರ ಮುಂದೆ ಟೋಪಿಯಿಲ್ಲದ ಇಬ್ಬರು ಹುಡುಗರು. ಎಡಗಡೆಯವನು ರೋಮೆಡ್. ಬಲಗಡೆಯವನು ಬಾಯಿ ತೆರೆದು ನಗುತ್ತಿದ್ದ, ಮೇಲಿನ ಒಂದು ಹಲ್ಲು ಓರೆ. ಕಿವಿಗಳು ತುಸು ದೊಡ್ಡವು.

“ಹೆಸರು ಗೊತ್ತಿಲ್ಲ. ನಿಮ್ಮ ಕಡೆಯವನು ಅಂತ ಅಣ್ಣ ಹೇಳಿದ್ದ. ಕತ್ತೆಗಿಂತ ಮೊಂಡ, ಆದ್ರೆ ಇದ್ದದ್ದನ್ನ ಹಂಚ್ಕೊಂಡು ತಿಂತಾನೆ ಅಂದಿದ್ದ,” ಎಂದಳು ನೋಟ್‌ಬುರ್ಗಾ. “ತಗೊಂಡು ಹೋಗು. ಆದ್ರೆ ವಾಪಸ್ ತರಬೇಕು, ನಿನ್ನ ಕೈಯಾರೆ. ಆಗ ಕಾಫಿ ಹೇಗೆ ಮಾಡೋದು ಅಂತ ಕಲಿಸ್ತೀನಿ.”

ಇಷ್ಟು ವರ್ಷ ವೆಂಡೆಲಿನ್‌ನ ತಲೆಗೂದಲು ಕತ್ತರಿಸಿದವಳು ಆಫ್ರಾ. ಆ ಕಿವಿಗಳನ್ನು ಅವಳು ಬೆರಳಲ್ಲಿ ಮಡಚಿ ಹಿಡಿದಿದ್ದಾಳೆ. ಬಸ್ಸಿನಲ್ಲಿ ಕೂತು, ಇವನೇ, ಇವನೇ, ಎಂದುಕೊಂಡಳು. ಆದರೂ ದೊಡ್ಡ ಕಿವಿ ನಂಬಿ ಒಬ್ಬನಿಗೆ ಅಪ್ಪನನ್ನು ಕೊಡಲಾಗುವುದಿಲ್ಲ. ಹೌದು ಎನ್ನಬೇಕಾದವಳು ರೋಸೀನಾ.

ರೋಸೀನಾ ಪೇಟೆಯ ವೃದ್ಧಾಶ್ರಮದಲ್ಲಿದ್ದಳು. ಕಾಲು ಸೋತಿದ್ದವು, ತಲೆ ಚುರುಕಾಗಿತ್ತು. ಆಫ್ರಾ ಕೂದಲಿಗೆ ಸುರುಳಿ ಹಾಕುವ ನೆಪದಲ್ಲಿ ಹೋದಳು. ಮುದುಕಿಯ ಮಡಿಲಲ್ಲಿ ಫೋಟೋ ಇಟ್ಟಳು. ರೋಸೀನಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಯಾರಿವರು?”

“ಬಲಗಡೆಯವನನ್ನ ನೋಡು, ರೋಸೀನಾ. ಮಾಂಗ್ ಅಲ್ವಾ?”

“ಥೂ, ಅಲ್ಲ. ನನ್ನ ಮಾಂಗ್ ಹೀಗಿರಲಿಲ್ಲ.” ಅವಳು ಎದೆಯ ಮುಂದೆ ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದಳು. “ಟೋಪಿ ಹೀಗೆ. ಕಣ್ಣು ಹೀಗೆ. ಬಾಯಿ ಮುಚ್ಚಿ ನಗ್ತಿದ್ದ.”

ಅವಳು ಹೇಳುತ್ತಿದ್ದದ್ದು ಕಾರ್ಡಿನ ಮುಖ. ತಾನು ಸೋತೆ ಎಂದು ಆಫ್ರಾ ಅಂದುಕೊಂಡದ್ದು ಬದುಕಿನಲ್ಲಿ ಅದೊಂದೇ ಸಲ ಎಂದು ಆಮೇಲೆ ಒಪ್ಪಿಕೊಂಡಳು, ಅದೂ ಒತ್ತಾಯ ಮಾಡಿದ ಮೇಲೆ. ಫೋಟೋ ತೆಗೆದುಕೊಳ್ಳಲು ಕೈ ಚಾಚಿದಳು. ರೋಸೀನಾ ಕೊಡಲಿಲ್ಲ.

“ಇರು.”

ಅವಳ ಬೆರಳು ರೋಮೆಡನ ಹೆಗಲ ಮೇಲೆ ನಿಂತಿತ್ತು. ಅಲ್ಲಿದ್ದ ಕೈಯ ನಡುಬೆರಳು ತುದಿಯಿಲ್ಲದ ಮೋಟು.

“ಹುಲ್ಲು ಕತ್ತರಿಸೋ ಯಂತ್ರಕ್ಕೆ ಸಿಕ್ಕಿದ್ದು,” ಎಂದಳು ರೋಸೀನಾ ನಿಧಾನವಾಗಿ. “ಮಳೆ ಬಂದ್ರೆ ನೋಯುತ್ತೆ ಅಂತ ನನ್ನ ಕೈಯೊಳಗೆ ಇಡ್ತಿದ್ದ.” ಮತ್ತೆ ಮುಖ ನೋಡಿದಳು, ಮತ್ತೆ ಕೈ, ಮತ್ತೆ ಮುಖ. “ಹಲ್ಲು ಓರೆ. ಹೌದಲ್ಲೇ. ಓರೆ ಹಲ್ಲು! ಅಯ್ಯೋ ದೇವರೇ, ಮರೆತೇಬಿಟ್ಟಿದ್ದೆ. ದಿನಾ ಬೆಳಗಾದ್ರೆ ಆ ಕಾರ್ಡು ನೋಡಿ ನೋಡಿ ಗಾಲುಸನ ಮುಖ ಬಂದು ಇವನ ಮೇಲೆ ಕೂತುಬಿಡ್ತು. ಕಟ್ಕೊಂಡ ಗಂಡನ ಮುಖ ಮರೆತವಳು ನಾನು!”

ಅವಳು ಅತ್ತಳು, ಆಮೇಲೆ ಅತ್ತೆಗೆ ಬೈದಳು, ಬೈದದ್ದಕ್ಕೆ ಶಿಲುಬೆ ಗುರುತು ಹಾಕಿಕೊಂಡಳು, ಮತ್ತೆ ಬೈದಳು. ಆಫ್ರಾ ಸುರುಳಿ ಹಾಕುತ್ತಲೇ ಇದ್ದಳು.

“ಮಗನಿಗೆ ನಾನೇ ಹೇಳಬೇಕಿತ್ತು,” ಎಂದಳು ರೋಸೀನಾ ಕೊನೆಗೆ. “ಚಿಕ್ಕವನಿದ್ದಾಗ ಕಾರ್ಡು ಹಿಡ್ಕೊಂಡು ಮುತ್ತು ಕೊಡ್ತಿದ್ದ, ಆಗ ಬಾಯಿ ಬರಲಿಲ್ಲ. ಆಮೇಲೆ ಹೊತ್ತು ಮೀರಿತು. ನೀನೇ ಹೇಳು ಆಫ್ರಾ. ನಿನಗೆ ಧೈರ್ಯ ಇದೆ.”

ಆಫ್ರಾಳಿಗೆ ಧೈರ್ಯಕ್ಕಿಂತ ಉಪಾಯ ಹೆಚ್ಚು. ವೆಂಡೆಲಿನ್ ಕ್ಷೌರಕ್ಕೆ ಬರುವವರೆಗೆ ಕಾದಳು. ಕುತ್ತಿಗೆಗೆ ಬಟ್ಟೆ ಕಟ್ಟಿ, ಎಡಗಡೆ ಪೂರ್ತಿ ಕತ್ತರಿಸಿ ಆದ ಮೇಲೆ, ಈಗ ಎದ್ದು ಓಡಲಾರ ಎಂದು ಖಾತ್ರಿ ಮಾಡಿಕೊಂಡು, ಕನ್ನಡಿಯ ಮುಂದೆ ಎರಡು ಕಾರ್ಡು ಇಟ್ಟಳು. ಹೇಳಬೇಕಾದದ್ದನ್ನು ಕಡ್ಡಿ ಮುರಿದಂತೆ ಹೇಳಿದಳು. ಆಮೇಲೆ ಫೋಟೋ ಇಟ್ಟಳು.

ಅವಳ ಲೆಕ್ಕ ತಪ್ಪಿತು. ವೆಂಡೆಲಿನ್ ಕುತ್ತಿಗೆಯ ಬಟ್ಟೆ ಕಿತ್ತೆಸೆದು ಎದ್ದ.

“ಎಷ್ಟು ಜನಕ್ಕೆ ಗೊತ್ತಿತ್ತು?”

“ಹಳಬರಿಗೆಲ್ಲ.”

“ಚಿಕ್ಕವನಿದ್ದಾಗ, ಇಗರ್ಜಿಯಲ್ಲಿ ಮೊದಲ ಪ್ರಸಾದ ತಗೊಂಡ ದಿನ ಆ ಕಾರ್ಡು ಎದೆಗೆ ಸಿಕ್ಕಿಸ್ಕೊಂಡು ಊರೆಲ್ಲ ಮೆರವಣಿಗೆ ಹೋದೆ. ಎಲ್ಲರೂ ನೋಡಿ ನಕ್ಕಿರಬೇಕು.”

“ಯಾರೂ ನಗಲಿಲ್ಲ ಕಣೋ.”

“ನಿನಗೇನು ಗೊತ್ತು? ನೀನಿರಲಿಲ್ಲ!”

ಒಂದು ಕಡೆ ಬೋಳಿಸಿ, ಒಂದು ಕಡೆ ಪೊದೆ ಬಿಟ್ಟುಕೊಂಡು ಬಾಗಿಲು ಬಡಿದು ಹೋದ. ಎರಡು ಕಾರ್ಡೂ ಫೋಟೋವೂ ಅಲ್ಲೇ ಉಳಿದವು. ಆ ತಲೆಯಲ್ಲೇ ಹಾಲಿನ ಡೈರಿಗೆ ಹೋದ, ಆ ತಲೆಯಲ್ಲೇ ಭಾನುವಾರ ಇಗರ್ಜಿಗೆ ಬಂದ. ಟೋಪಿ ತೆಗೆದಾಗ ಹಿಂದಿನ ಬೆಂಚಿನ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದರು. ಪಿಂಗಾಣಿಯವನಿಗೆ ಫೋಟೋ ಕಳಿಸುವ ದಿನ ಹತ್ತಿರ ಬಂತು. ಫಿಡೆಲ್ ಎರಡು ಸಲ ಕೇಳಿ ಕಳಿಸಿದ. ಮಗ ಒಪ್ಪದೆ ಅಪ್ಪನ ಮುಖ ಗೋಡೆಗೆ ಹಾಕಲು ತನಗೆ ಹಕ್ಕಿಲ್ಲ ಎಂದು ಆಫ್ರಾ ಹೇಳಿ ಕಳಿಸಿದಳು. ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಆದರೂ ಹೇಳಿದ್ದು ತಪ್ಪು ಎಂದು ಒಂದು ಗಳಿಗೆಯೂ ಅನಿಸಲಿಲ್ಲ.

ಒಂದು ಸಂಜೆ ಅವನು ಬಂದು ಕುರ್ಚಿಯಲ್ಲಿ ಕೂತ.

“ಇನ್ನರ್ಧ ಮಾಡು. ಹಸುಗಳೇ ನನ್ನನ್ನ ನೋಡಿ ಹೆದರ್ತಿವೆ.”

ಆಫ್ರಾ ಮಾತಾಡದೆ ಕತ್ತರಿ ತೆಗೆದಳು. ಅವಳು ಮಾತಾಡದೆ ಇದ್ದದ್ದು ಅವನಿಗೂ ಆಶ್ಚರ್ಯವಾಗಿರಬೇಕು.

“ಅಮ್ಮನ ಹತ್ರ ಹೋಗಿದ್ದೆ,” ಎಂದ. “ಚೆನ್ನಾಗಿ ಜಗಳ ಆಡಿದ್ವಿ. ಆಮೇಲೆ ಅಪ್ಪನ ವಿಷಯ ಮಾತಾಡಿದ್ಲು. ಇಷ್ಟು ವರ್ಷ ಆ ಕಾರ್ಡು ನೋಡಿ ಏನೂ ಹೇಳ್ತಿರಲಿಲ್ಲ, ಈಗ ಹೇಳ್ತಾನೇ ಇದ್ದಾಳೆ. ಸೀಟಿ ಹೊಡೆಯೋಕೆ ಹೋದ್ರೆ ಓರೆ ಹಲ್ಲಿನಿಂದ ಗಾಳಿ ಮಾತ್ರ ಬರ್ತಿತ್ತಂತೆ.” ಕನ್ನಡಿಯ ಮುಂದೆಯೇ ಇದ್ದ ಕಾರ್ಡನ್ನು ನೋಡಿದ. “ಆಫ್ರಾ, ಹಾಗಾದ್ರೆ ಮೂವತ್ತು ವರ್ಷದಿಂದ ಹಾಲಿನ ರೇಟು ಬಿದ್ದಾಗಲೆಲ್ಲ ನಾನು ಬೈದದ್ದು ಗಾಲುಸ್ ಚಿಕ್ಕಪ್ಪನಿಗಾ?”

“ಅವನಿಗೇ.”

“ಪಾಪ.”

“ಪಾಪ ಏನು ಬಂತು? ಅವನ ಹೆಸರೆತ್ತೋರು ಈ ಊರಲ್ಲಿ ಯಾರಿದ್ರು? ನೀನೊಬ್ಬ ದಿನಾ ಮಾತಾಡಿಸಿದ್ದೀಯ. ಅಷ್ಟು ಯಾರಿಗೆ ಸಿಗುತ್ತೆ?”

ಕನ್ನಡಿಯಲ್ಲಿ ಅವನ ಮುಖ ಸಡಿಲವಾಯಿತು. ಅಪ್ಪನ ಹೆಸರಿನ, ಗಾಲುಸನ ಮುಖದ ಆ ಸವೆದ ಕಾರ್ಡನ್ನು ಎತ್ತಿ ಮತ್ತೆ ಪರ್ಸಿನಲ್ಲಿಟ್ಟುಕೊಂಡ. “ಇವನು ನನ್ನ ಹತ್ರಾನೇ ಇರಲಿ, ಅಭ್ಯಾಸ ಆಗಿದೆ. ಆ ಇನ್ನೊಬ್ಬನನ್ನ ಗೋಡೆಗೆ ಹಾಕು,” ಎಂದ. ಅಪ್ಪ ಎನ್ನಲು ಇನ್ನೂ ನಾಲಗೆ ತಿರುಗಲಿಲ್ಲ.

ನವೆಂಬರಿನ ಭಾನುವಾರ ಹಿಮ ಬೀಳಲಿಲ್ಲ, ಬರೀ ಚಳಿ. ಬ್ಯಾಂಡಿನವರು ಬಾರಿಸಿದರು, ಪಾದ್ರಿ ಹೆಸರುಗಳನ್ನು ಓದಿದರು, ಫಿಡೆಲ್ ಬರೆದುಕೊಂಡು ಬಂದಿದ್ದ ಭಾಷಣದಲ್ಲಿ ಅರ್ಧ ಓದಿ ಸಾಕು ಮಾಡಿದ. ಜನ ಗುಡ್ಡ ಇಳಿದು ಹೋಟೆಲಿನ ಬಿಸಿ ಸೂಪಿನ ಕಡೆ ನಡೆದರು. ಆಫ್ರಾ ಮೋಂಬತ್ತಿಗಳನ್ನು ಸರಿಪಡಿಸುತ್ತಾ ಹಿಂದೆ ಉಳಿದಳು. ರೋಸೀನಾಳ ಗಾಲಿಕುರ್ಚಿಯನ್ನು ಕೆಳಗೆ ಬಿಟ್ಟು ವೆಂಡೆಲಿನ್ ಮತ್ತೆ ಮೇಲೆ ಬಂದ. ಅವಳಿದ್ದದ್ದು ಅವನಿಗೆ ಕಾಣಲಿಲ್ಲ, ಅಥವಾ ಕಂಡರೂ ಲೆಕ್ಕಿಸಲಿಲ್ಲ.

ಅವನು ಟೋಪಿ ತೆಗೆದು ಗೋಡೆಯ ಮುಂದೆ ನಿಂತ. ಪಿಂಗಾಣಿಯ ಬಿಲ್ಲೆಯಲ್ಲಿ ಇಪ್ಪತ್ತರ ಹುಡುಗ ಓರೆ ಹಲ್ಲು ಬಿಟ್ಟು ನಗುತ್ತಿದ್ದ. ಎದುರಿಗೆ ನಿಂತವನ ಕೂದಲು ಬೆಳ್ಳಗಾಗಿತ್ತು. ಚಿಕ್ಕಪ್ಪನ ಜೊತೆ ಅಷ್ಟು ಸಲೀಸಾಗಿ ಮಾತಾಡಿದವನಿಗೆ ಇಲ್ಲಿ ಬಾಯಿ ಕಟ್ಟಿತು. ಕಾಲು ಬದಲಿಸಿದ, ಹೊಸಬರ ಮನೆ ಬಾಗಿಲಲ್ಲಿ ನಿಂತವನ ಹಾಗೆ ಟೋಪಿಯ ಅಂಚನ್ನು ತಿರುಗಿಸಿದ.

“ಗಂಡು ಮಗು ಆಯ್ತು, ಅಪ್ಪ,” ಎಂದ. “ವೆಂಡೆಲಿನ್ ಅಂತ ಹೆಸರಿಟ್ಟರು.”